ಮಿಂಚಿ ಮಾಯವಾಗುವ ಕಪ್ಪು ಕಿಟಕಿ

ಸಾಲುಸಾಲಾಗಿ ಕಮ್ಯಾಂಡ್‌ಗಳನ್ನು ಬರೆದಿಟ್ಟ ಬ್ಯಾಚ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪರದೆಯ ಮೇಲೆ ಒಂದು ಕಪ್ಪು ಕಿಟಕಿ ಮೂಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತದೆ. ಕೆಲಸ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಮತ್ತೆ ಕ್ಲಿಕ್ ಮಾಡಿದರೂ ಅದೇ ಕಥೆ. ಏನೋ ಎರಡು ಸಾಲು ಇಂಗ್ಲಿಷ್ ಕಂಡಂತಾಯಿತು, ಓದುವಷ್ಟರಲ್ಲಿ ಹೋಯಿತು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು, ನಿಲ್ಲಿಸಿ ನಿಲ್ಲಿಸಿ ಆ ಸಾಲನ್ನು ಓದುವವರೂ ಇದ್ದಾರೆ. ಅಷ್ಟೆಲ್ಲ ಪಾಡು ಬೇಕಿಲ್ಲ.

ಆ ಕಿಟಕಿ ತೆರೆದುಕೊಂಡದ್ದೇ ಫೈಲಿನೊಳಗಿನ ಸ್ಕ್ರಿಪ್ಟ್‌ಗಾಗಿ. ಸ್ಕ್ರಿಪ್ಟ್ ಮುಗಿದ ಕೂಡಲೇ ವಿಂಡೋಸ್ ಅದನ್ನು ಮುಚ್ಚಿಬಿಡುತ್ತದೆ. ಕೆಲಸ ಸುಸೂತ್ರವಾಗಿ ನಡೆದರೂ ಅಷ್ಟೇ, ಮೊದಲ ಸಾಲಿನಲ್ಲೇ ಮುಗ್ಗರಿಸಿದರೂ ಅಷ್ಟೇ. ಫೈಲಿನ ಕೊನೆಯಲ್ಲಿ ‘ಪಾಜ್’ ಎಂದು ಬರೆದು ಕಿಟಕಿಯನ್ನು ತಡೆಹಿಡಿಯುವುದು ಹಳೆಯ ಉಪಾಯ. ಆದರೆ ನಡುವೆ ಎಲ್ಲೋ ಒಂದು ಆವರಣ ಚಿಹ್ನೆ ಹೆಚ್ಚುಕಮ್ಮಿಯಾಗಿ ಸ್ಕ್ರಿಪ್ಟ್ ಅಲ್ಲೇ ನಿಂತರೆ ಆ ಕೊನೆಯ ಸಾಲಿನ ತನಕ ಅದು ಬರುವುದೇ ಇಲ್ಲ. ಮೊದಲು ಕಿಟಕಿ ತೆರೆದು, ಆಮೇಲೆ ಅದರೊಳಗೆ ಸ್ಕ್ರಿಪ್ಟ್ ಓಡಿಸುವುದು ಮೇಲು. ಆಗ ಸ್ಕ್ರಿಪ್ಟ್ ಸತ್ತರೂ ಕಿಟಕಿ ಉಳಿಯುತ್ತದೆ, ಅದರ ಜೊತೆಗೆ ಸತ್ತ ಕಾರಣವೂ ಉಳಿಯುತ್ತದೆ.

ತೆರೆಯಲು ಸುಲಭದ ದಾರಿ ಫೈಲ್ ಎಕ್ಸ್‌ಪ್ಲೋರರ್‌ನಲ್ಲೇ ಇದೆ. ಸ್ಕ್ರಿಪ್ಟ್ ಇರುವ ಫೋಲ್ಡರನ್ನು ತೆರೆದು, ಮೇಲಿನ ಅಡ್ರೆಸ್ ಬಾರ್ ಮೇಲೆ ಕ್ಲಿಕ್ ಮಾಡಿ, ಅಲ್ಲಿರುವುದನ್ನು ಅಳಿಸಿ ‘ಸಿಎಂಡಿ’ ಎಂಬ ಮೂರು ಅಕ್ಷರ ಹಾಕಿ ಎಂಟರ್ ಒತ್ತಿದರೆ ಸಾಕು. ಕಮ್ಯಾಂಡ್ ಪ್ರಾಂಪ್ಟ್ ಅದೇ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ. (ಇಲ್ಲಿ ಕಮ್ಯಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಆಗಬೇಕು.) ವಿಂಡೋಸ್ 11ರಲ್ಲಿ ಫೋಲ್ಡರಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿದರೆ ‘ಓಪನ್ ಇನ್ ಟರ್ಮಿನಲ್’ ಎಂಬ ಆಯ್ಕೆಯೂ ಸಿಗುತ್ತದೆ. ಇವೆರಡೂ ಒಂದೇ ಎಂದು ತಿಳಿದುಕೊಂಡವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ. ಅಡ್ರೆಸ್ ಬಾರಿನ ದಾರಿಯಲ್ಲಿ ಸಿಗುವುದು ಕಮ್ಯಾಂಡ್ ಪ್ರಾಂಪ್ಟ್. ಟರ್ಮಿನಲ್‌ನೊಳಗೆ, ಯಾರೂ ಬದಲಾಯಿಸದೆ ಬಿಟ್ಟಿದ್ದರೆ, ಸಾಮಾನ್ಯವಾಗಿ ಇರುವುದು ಪವರ್‌ಶೆಲ್. ಎರಡಕ್ಕೂ ವಯಸ್ಸು ಬೇರೆ, ಸ್ವಭಾವ ಬೇರೆ.

ಕಮ್ಯಾಂಡ್ ಪ್ರಾಂಪ್ಟ್‌ನ ವಂಶ ಹಳೆಯದು. 1981ರ ಎಂಎಸ್-ಡಾಸ್ ಕಾಲದ ಬ್ಯಾಚ್ ಫೈಲಿನ ಭಾಷೆಯನ್ನೇ, 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ತನ್ನ ಹೊಸ ಪ್ರಾಂಪ್ಟ್‌ಗೂ ಉಳಿಸಿಕೊಂಡಿತು. ಅಂದಿನ ವಿಚಿತ್ರಗಳು ಇಂದಿಗೂ ಹಾಗೇ ಇವೆ. ಉದಾಹರಣೆಗೆ, ಸಿ ಡ್ರೈವ್‌ನಲ್ಲಿ ನಿಂತು ‘ಸಿಡಿ ಡಿ:\ಲೆಕ್ಕ’ ಎಂದು ಕೊಟ್ಟರೆ ಏನೂ ಆಗದಂತೆ ಕಾಣುತ್ತದೆ. ತಪ್ಪು ಎಂದೂ ಹೇಳುವುದಿಲ್ಲ, ಡಿ ಡ್ರೈವ್‌ಗೆ ಹೋಗುವುದೂ ಇಲ್ಲ. ಡಾಸ್ ಕಾಲದಲ್ಲಿ ಪ್ರತಿ ಡ್ರೈವ್‌ಗೂ ಅದರದೇ ಆದ ‘ಈಗಿನ ಫೋಲ್ಡರ್’ ಇರುತ್ತಿತ್ತು; ‘ಸಿಡಿ’ ಆ ಡ್ರೈವ್‌ನೊಳಗಿನ ಜಾಗವನ್ನಷ್ಟೇ ಬದಲಿಸುತ್ತದೆ, ಡ್ರೈವನ್ನಲ್ಲ. ‘ಸಿಡಿ /ಡಿ’ ಎಂದು ಬರೆದರೆ ಎರಡೂ ಬದಲಾಗುತ್ತವೆ.

ಪವರ್‌ಶೆಲ್ ಹುಟ್ಟಿದ್ದು ಈ ಹಳೆಯ ಭಾಷೆಯ ಮಿತಿಗಳಿಂದ ಬೇಸತ್ತು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಜೆಫ್ರಿ ಸ್ನೋವರ್ 2002ರಲ್ಲಿ ‘ಮೊನ್ಯಾಡ್’ ಎಂಬ ಹೆಸರಿನಲ್ಲಿ ಅದರ ಕಲ್ಪನೆಯನ್ನು ಬರೆದಿಟ್ಟರು. 2006ರಲ್ಲಿ ಅದು ಪವರ್‌ಶೆಲ್ ಆಗಿ ಹೊರಬಂತು. ವಿಂಡೋಸ್ 10 ಮತ್ತು 11ರ ಜೊತೆಗೇ ಬರುವುದು ಅದರ 5.1 ಆವೃತ್ತಿ. 2020ರಲ್ಲಿ ಬಂದ ಪವರ್‌ಶೆಲ್ 7 ಬೇಕಿದ್ದರೆ ಬೇರೆಯಾಗಿ ಹಾಕಿಕೊಳ್ಳಬೇಕು. ಅದನ್ನು ಕರೆಯುವ ಹೆಸರೂ ಬೇರೆ, ‘ಪಿಡಬ್ಲ್ಯುಎಸ್ಎಚ್’.

ಈ ಇಬ್ಬರ ಸ್ವಭಾವಕ್ಕೆ ಒಂದು ಪರೀಕ್ಷೆ ಮಾಡಿ ನೋಡಬಹುದು. ಫೋಲ್ಡರಿನಲ್ಲಿ ‘ನಕಲು.ಬ್ಯಾಟ್’ ಎಂಬ ಫೈಲ್ ಇದೆ ಎನ್ನಿ. ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಬರೀ ‘ನಕಲು’ ಎಂದರೆ ಓಡುತ್ತದೆ. ಪವರ್‌ಶೆಲ್‌ನಲ್ಲಿ ಅದೇ ಹೆಸರು ಕೊಟ್ಟರೆ ಕೆಂಪು ಅಕ್ಷರಗಳಲ್ಲಿ ಬೈಗುಳ. ಫೈಲ್ ಎದುರಿಗೇ ಇದೆ, ಆದರೂ ಗುರುತು ಸಿಗಲಿಲ್ಲ ಎನ್ನುತ್ತದೆ! ಹೆಸರಿನ ಹಿಂದೆ ಒಂದು ಚುಕ್ಕಿ, ಒಂದು ಹಿಂಗೀಟು ಸೇರಿಸಿ ‘.\ನಕಲು’ ಎಂದರೆ ಆಗ ಒಪ್ಪುತ್ತದೆ. ಇದು ಹಠವಲ್ಲ, ಎಚ್ಚರ. ಕಮ್ಯಾಂಡ್ ಪ್ರಾಂಪ್ಟ್ ತನ್ನದೇ ಒಳ ಕಮ್ಯಾಂಡ್ ಅಲ್ಲದ ಯಾವ ಹೆಸರು ಕೊಟ್ಟರೂ ಮೊದಲು ಈಗಿನ ಫೋಲ್ಡರಿನಲ್ಲಿ ಹುಡುಕಿ, ಅಲ್ಲಿ ಸಿಗದಿದ್ದರೆ ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳಿಗೆ ಹೋಗುತ್ತದೆ. ಹಾಗಾಗಿ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಯಾರೋ ಇಟ್ಟ ಕಳ್ಳ ಫೈಲೊಂದು ಅಸಲಿ ಕಮ್ಯಾಂಡಿನ ಹೆಸರು ಹೊತ್ತು ಕೂತಿದ್ದರೆ ಅದೇ ಓಡಿಬಿಡಬಹುದು. ಪವರ್‌ಶೆಲ್ ಆ ಬಾಗಿಲನ್ನು ಮುಚ್ಚಿದೆ.

ಕಳ್ಳರೇ ಬೇಕೆಂದಿಲ್ಲ. ಇಂಟರ್ನೆಟ್ ಇದೆಯೇ ಎಂದು ನೋಡಲು ಒಂದು ಸಾಲಿನ ಬ್ಯಾಚ್ ಫೈಲ್ ಬರೆದು, ಒಳಗೆ ‘ಪಿಂಗ್’ ಕಮ್ಯಾಂಡ್ ಹಾಕಿ, ಫೈಲಿಗೂ ‘ಪಿಂಗ್.ಬ್ಯಾಟ್’ ಎಂದೇ ಹೆಸರಿಟ್ಟವರು ಎಷ್ಟೋ ಜನ. ಓಡಿಸಿದರೆ ಒಳಗಿನ ‘ಪಿಂಗ್’ ತನ್ನ ಫೋಲ್ಡರಿನಲ್ಲೇ ಇರುವ ಅದೇ ಫೈಲನ್ನು ಮತ್ತೆ ಕರೆಯುತ್ತದೆ, ಅದು ಮತ್ತೆ ಕರೆಯುತ್ತದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತುವ ತನಕ ಪರದೆ ಒಂದೇ ಸಾಲನ್ನು ಉರುಳಿಸುತ್ತಲೇ ಇರುತ್ತದೆ. ಒಂದು ಹೆಸರು ಕೊಟ್ಟರೆ ನಿಜವಾಗಿ ಓಡುವುದು ಯಾವ ಫೈಲ್ ಎಂಬ ಅನುಮಾನ ಬಂದರೆ ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್’ ಕಮ್ಯಾಂಡಿನ ಮುಂದೆ ಆ ಹೆಸರು ಬರೆದು ಕೇಳಬಹುದು. ಪವರ್‌ಶೆಲ್‌ನಲ್ಲಿ ‘ವೇರ್’ಗೆ ಬೇರೆಯೇ ಅರ್ಥವಿದೆ. ಅಲ್ಲಿ ಈ ಕೆಲಸಕ್ಕೆ ‘ಗೆಟ್-ಕಮ್ಯಾಂಡ್’.

ಫೈಲಿನ ಹೆಸರಿನದೂ ಒಂದು ರಗಳೆ. ನೋಟ್‌ಪ್ಯಾಡ್‌ನಲ್ಲಿ ಬರೆದು ‘ನಕಲು.ಬ್ಯಾಟ್’ ಎಂದು ಉಳಿಸಿದ್ದೇನೆ ಅಂದುಕೊಂಡಿರುತ್ತಾರೆ. ನಿಜದಲ್ಲಿ ಅದು ‘ನಕಲು.ಬ್ಯಾಟ್.ಟಿಎಕ್ಸ್‌ಟಿ’ ಆಗಿ ಕೂತಿರುತ್ತದೆ. ಹೆಸರಿನ ಬಾಲವನ್ನು ವಿಂಡೋಸ್ ತಾನಾಗಿಯೇ ಮರೆಮಾಡುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ಕೆಯನ್ನು ಚಾಲೂ ಮಾಡಿಕೊಳ್ಳುವುದು, ಸ್ಕ್ರಿಪ್ಟ್ ಬರೆಯದವರಿಗೂ ಒಳ್ಳೆಯದು. ಯಾಕೆಂಬುದಕ್ಕೆ ಒಂದು ಇತಿಹಾಸವೇ ಇದೆ.

2000ದ ಮೇ ತಿಂಗಳ ಮೊದಲ ವಾರ ಫಿಲಿಪ್ಪೀನ್ಸ್‌ನಿಂದ ಹೊರಟ ಒಂದು ಇ-ಮೇಲ್ ಪ್ರಪಂಚವನ್ನೆಲ್ಲ ಸುತ್ತಿತು. ವಿಷಯದ ಜಾಗದಲ್ಲಿ ‘ಐ ಲವ್ ಯೂ’. ಜೊತೆಗಿದ್ದ ಫೈಲಿನ ಹೆಸರಿನ ಕೊನೆಯಲ್ಲಿ ಟಿಎಕ್ಸ್‌ಟಿ, ಅದರ ಮುಂದೆ ಇನ್ನೊಂದು ಬಾಲ ವಿಬಿಎಸ್. ಬಾಲ ಮರೆಯಾಗಿದ್ದವರಿಗೆ ಅದು ಬರೀ ಪ್ರೇಮಪತ್ರ. ಡಬಲ್ ಕ್ಲಿಕ್ ಮಾಡಿದರೆ ವಿಬಿಸ್ಕ್ರಿಪ್ಟ್ ಓಡಿ, ಕಂಪ್ಯೂಟರಿನಲ್ಲಿದ್ದ ಚಿತ್ರಗಳ ಮೇಲೆ ತನ್ನನ್ನೇ ಬರೆದು, ಔಟ್‌ಲುಕ್ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪತ್ರ ಕಳಿಸುತ್ತಿತ್ತು. ಲಕ್ಷಾಂತರ ಕಂಪ್ಯೂಟರುಗಳು ಹಾಳಾದವು.

ಆ ಪೆಟ್ಟಿನ ಗುರುತು ಪವರ್‌ಶೆಲ್‌ನ ಮೈಮೇಲೆ ಈಗಲೂ ಕಾಣುತ್ತದೆ. ಅದರ ಸ್ಕ್ರಿಪ್ಟ್‌ಗಳ ಬಾಲ ‘ಪಿಎಸ್1’. ಡಬಲ್ ಕ್ಲಿಕ್ ಮಾಡಿದರೆ ಓಡುವ ಬದಲು ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಳ್ಳುತ್ತವೆ. ಹೆಸರು ಬರೆದು ಓಡಿಸಹೋದರೂ ಹೊಸ ಕಂಪ್ಯೂಟರಿನಲ್ಲಿ ‘ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್ ಆನ್ ದಿಸ್ ಸಿಸ್ಟಮ್’ ಎಂಬ ಸಾಲೇ ಎದುರಾಗುತ್ತದೆ. ಇದರ ಹಿಂದಿರುವುದು ‘ಎಕ್ಸಿಕ್ಯೂಷನ್ ಪಾಲಿಸಿ’. ಮನೆ ಮತ್ತು ಕಚೇರಿಯ ಸಾಮಾನ್ಯ ವಿಂಡೋಸ್‌ನಲ್ಲಿ ಅದು ‘ರಿಸ್ಟ್ರಿಕ್ಟೆಡ್’ ಆಗಿರುತ್ತದೆ. ಕೈಯಲ್ಲಿ ಟೈಪ್ ಮಾಡಿದ ಕಮ್ಯಾಂಡ್‌ಗಳಿಗೆ ಅಡ್ಡಿಯಿಲ್ಲ, ಸ್ಕ್ರಿಪ್ಟ್ ಫೈಲುಗಳಿಗೆ ಪ್ರವೇಶವಿಲ್ಲ.

ಈ ತೊಡಕಿಗೆ ಯೂಟ್ಯೂಬ್‌ನಲ್ಲಿ ಧಾರಾಳವಾಗಿ ಸಿಗುವ ಪರಿಹಾರ ‘ಅನ್‌ರಿಸ್ಟ್ರಿಕ್ಟೆಡ್’ ಎಂದು ಬದಲಾಯಿಸುವುದು. ಅದು ಬೇಡ. ‘ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ ರಿಮೋಟ್‌ಸೈನ್ಡ್ -ಸ್ಕೋಪ್ ಕರೆಂಟ್‌ಯೂಸರ್’ ಎಂದು ಒಮ್ಮೆ ಕೊಟ್ಟರೆ ಆ ಬಳಕೆದಾರರ ಮಟ್ಟಿಗೆ ಸ್ವಂತ ಸ್ಕ್ರಿಪ್ಟ್‌ಗಳು ಓಡತೊಡಗುತ್ತವೆ. ಅಡ್ಮಿನಿಸ್ಟ್ರೇಟರ್ ಹಕ್ಕೂ ಬೇಕಾಗುವುದಿಲ್ಲ. ಇಂಟರ್ನೆಟ್‌ನಿಂದ ಇಳಿಸಿದವು ಮಾತ್ರ ಡಿಜಿಟಲ್ ಸಹಿಯಿಲ್ಲದೆ ಓಡುವುದಿಲ್ಲ. ಯಾವುದೋ ಒಂದನ್ನು ಒಂದು ಸಲವಷ್ಟೇ ಓಡಿಸಬೇಕಿದ್ದರೆ ‘ಪವರ್‌ಶೆಲ್ -ಎಕ್ಸಿಕ್ಯೂಷನ್‌ಪಾಲಿಸಿ ಬೈಪಾಸ್ -ಫೈಲ್’ ಎಂದು ಬರೆದು ಮುಂದೆ ಫೈಲಿನ ಹೆಸರು ಕೊಟ್ಟರೆ ಸಾಕು. ಹಳೆಯ ನಿಯಮ ಹಾಗೇ ಉಳಿಯುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಇದ್ಯಾವುದೂ ನಡೆಯದಿದ್ದರೆ ಇಡೀ ಕಚೇರಿಗೆ ಅನ್ವಯಿಸುವ ‘ಗ್ರೂಪ್ ಪಾಲಿಸಿ’ ಮೇಲಿನಿಂದ ಬಂದಿದೆ ಎಂದರ್ಥ. ಅಲ್ಲಿ ಮಾತಾಡಬೇಕಾದದ್ದು ಐಟಿ ವಿಭಾಗದವರ ಹತ್ತಿರ.

ಇಂಟರ್ನೆಟ್‌ನಿಂದ ಬಂದದ್ದೆಂದು ವಿಂಡೋಸ್‌ಗೆ ಹೇಗೆ ಗೊತ್ತಾಗುತ್ತದೆ? ಬ್ರೌಸರ್ ಫೈಲನ್ನು ಇಳಿಸುವಾಗ ಅದರ ಬೆನ್ನಿಗೆ ‘ಜೋನ್ ಐಡೆಂಟಿಫೈಯರ್’ ಎಂಬ ಕಾಣದ ಚೀಟಿಯೊಂದನ್ನು ಅಂಟಿಸುತ್ತದೆ. ಒಳಗೆ ‘ಜೋನ್ 3’ ಎಂದಿದ್ದರೆ ಇಂಟರ್ನೆಟ್ ಎಂದು. ಈ ಚೀಟಿ ನಿಲ್ಲುವುದು ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಮಾತ್ರ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುವುದರಿಂದ ಅಲ್ಲಿಗೆ ಹೋದ ಕೂಡಲೇ ಚೀಟಿ ಕಳಚಿಬೀಳುತ್ತದೆ. ಡೌನ್‌ಲೋಡ್ ಮಾಡಿದಾಗ ಓಡದ ಸ್ಕ್ರಿಪ್ಟ್, ಸ್ನೇಹಿತರ ಪೆನ್‌ಡ್ರೈವ್‌ನಲ್ಲಿ ಬಂದಾಗ ಓಡುವ ರಹಸ್ಯ ಇಷ್ಟೇ. ಫೈಲನ್ನು ತೆರೆದು ಓದಿ, ಒಳಗಿರುವುದು ಗೊತ್ತಿದ್ದದ್ದೇ ಎಂದು ಖಾತ್ರಿಯಾದ ಮೇಲೆ ‘ಅನ್‌ಬ್ಲಾಕ್-ಫೈಲ್’ ಕಮ್ಯಾಂಡಿನಿಂದ ಚೀಟಿ ತೆಗೆಯಬಹುದು.

ಈ ಎಕ್ಸಿಕ್ಯೂಷನ್ ಪಾಲಿಸಿಯನ್ನು ಬೀಗ ಎಂದುಕೊಳ್ಳುವಂತಿಲ್ಲ. ಅದು ಸುರಕ್ಷತೆಯ ಗಡಿಯಲ್ಲ ಎಂದು ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ. 2024ರಿಂದ ಹಬ್ಬಿರುವ ‘ಕ್ಲಿಕ್‌ಫಿಕ್ಸ್’ ಎಂಬ ಮೋಸ ಇದನ್ನು ಸುತ್ತಿ ಬಂದಿರುವ ರೀತಿಯೇ ಸಾಕ್ಷಿ. ‘ನೀವು ರೋಬಾಟ್ ಅಲ್ಲವೆಂದು ಸಾಬೀತು ಮಾಡಿ’ ಎನ್ನುವ ಪುಟ ವಿಂಡೋಸ್ ಕೀ ಮತ್ತು ಆರ್ ಒತ್ತಿಸಿ, ಕಂಟ್ರೋಲ್ ಮತ್ತು ವಿ ಒತ್ತಿಸಿ, ಕೊನೆಗೆ ಎಂಟರ್ ಒತ್ತಿಸುತ್ತದೆ. ಆ ಪುಟ ಗುಟ್ಟಾಗಿ ಕಾಪಿ ಮಾಡಿಟ್ಟಿದ್ದ ಕಮ್ಯಾಂಡ್ ಪವರ್‌ಶೆಲ್‌ಗೆ ಹೋಗುತ್ತದೆ. ಫೈಲಿಲ್ಲ, ಹಾಗಾಗಿ ಪಾಲಿಸಿಯ ತಡೆಯೂ ಇಲ್ಲ. ಬಳಕೆದಾರರೇ ತಮ್ಮ ಕೈಯಾರೆ ಓಡಿಸಿಕೊಂಡಂತೆ. ಯಾವ ಅಸಲಿ ಕ್ಯಾಪ್ಚಾ ಕೂಡ ವಿಂಡೋಸ್‌ನ ರನ್ ಪೆಟ್ಟಿಗೆ ತೆರೆಯಲು ಹೇಳುವುದಿಲ್ಲ.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಒಂದು ಡಿಟಿಪಿ ಅಂಗಡಿ. ದಿನವಿಡೀ ಮಾಡಿದ ಲಗ್ನಪತ್ರಿಕೆ, ಕರಪತ್ರ, ಬ್ಯಾನರುಗಳೆಲ್ಲ ‘ಡಿ:\ಕೆಲಸ’ ಎಂಬ ಫೋಲ್ಡರಿನಲ್ಲಿವೆ. ರಾತ್ರಿ ಹೊತ್ತು ಅವು ಹೊರಗಿನ ಹಾರ್ಡ್‌ಡಿಸ್ಕಿಗೆ ತಾವಾಗಿಯೇ ನಕಲಾಗಬೇಕು. ಇದಕ್ಕೆ ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಕಿಲ್ಲ; ‘ರೋಬೋಕಾಪಿ’ ಎಂಬ ಕಮ್ಯಾಂಡ್ ವಿಸ್ತಾ ಕಾಲದಿಂದ ವಿಂಡೋಸ್‌ನಲ್ಲೇ ಇದೆ. ಎಲ್ಲಿಂದ, ಎಲ್ಲಿಗೆ ಎಂದು ಎರಡು ವಿಳಾಸ ಕೊಟ್ಟು, ಒಳಫೋಲ್ಡರುಗಳೂ ಬರಲೆಂದು ‘/ಇ’ ಸೇರಿಸಿದರೆ ಮೂಲ ಕೆಲಸ ಮುಗಿಯಿತು.

ಆದರೆ ಅಷ್ಟಕ್ಕೇ ಬಿಟ್ಟರೆ ಒಂದು ತಮಾಷೆ ಕಾದಿರುತ್ತದೆ. ಯಾವುದೋ ಒಂದು ಫೈಲ್ ಫೋಟೊಶಾಪ್‌ನಲ್ಲಿ ತೆರೆದೇ ಉಳಿದು ನಕಲಾಗಲು ಒಪ್ಪದಿದ್ದರೆ ರೋಬೋಕಾಪಿ ಮತ್ತೆ ಯತ್ನಿಸುತ್ತದೆ. ಎಷ್ಟು ಸಲ? ಬೇರೆ ಹೇಳದಿದ್ದರೆ 10 ಲಕ್ಷ ಸಲ, ಪ್ರತಿ ಸಲದ ನಡುವೆ 30 ಸೆಕೆಂಡು ಕಾದು. ಲೆಕ್ಕ ಹಾಕಿದರೆ ಒಂದೇ ಫೈಲಿಗೆ ಸುಮಾರು 347 ದಿನ! ನೆಟ್‌ವರ್ಕ್ ಆಗಾಗ ಕಡಿದುಹೋಗುತ್ತಿದ್ದ ಕಾಲದ ದೊಡ್ಡ ಸರ್ವರುಗಳಿಗೆ ಆ ಛಲ ಹೊಂದುತ್ತಿತ್ತೇನೋ; ಅಂಗಡಿಗೆ ‘/ಆರ್:2 /ಡಬ್ಲ್ಯು:5’ ಸಾಕು. ಎರಡು ಸಲ ಮರುಯತ್ನ, ಐದು ಸೆಕೆಂಡು ಬಿಡುವು.

‘/ಎಂಐಆರ್’ ಎಂಬ ಇನ್ನೊಂದು ಆಯ್ಕೆ ಬಹಳ ಜನಪ್ರಿಯ, ಅಷ್ಟೇ ಅಪಾಯಕಾರಿ. ಅದು ಎರಡೂ ಕಡೆ ತದ್ರೂಪ ಮಾಡುತ್ತದೆ, ಅಂದರೆ ಮೂಲದಲ್ಲಿ ಇಲ್ಲದ್ದನ್ನೆಲ್ಲ ನಕಲಿನ ಕಡೆಯಿಂದ ಅಳಿಸುತ್ತದೆ. ಎರಡು ವಿಳಾಸ ಅದಲುಬದಲಾದರೆ ಅಥವಾ ತಪ್ಪು ಡಿಸ್ಕಿನ ಅಕ್ಷರ ಬಿದ್ದರೆ ಮುಗಿಯಿತು. ಸಾಲಿನ ಕೊನೆಗೆ ‘/ಎಲ್’ ಸೇರಿಸಿ ಮೊದಲೊಮ್ಮೆ ಓಡಿಸಿದರೆ ಏನನ್ನೂ ಮುಟ್ಟದೆ, ಏನೇನು ಮಾಡುತ್ತಿತ್ತು ಎಂಬ ಪಟ್ಟಿಯನ್ನಷ್ಟೇ ಕೊಡುತ್ತದೆ. ಆ ಪಟ್ಟಿ ಓದದೆ ‘/ಎಂಐಆರ್’ ಬಳಸಬಾರದು.

ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಿದ್ದರೆ ಇಡೀ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇಲ್ಲದಿದ್ದರೆ ಮೊದಲ ಪದ ಒಂದು ವಿಳಾಸ, ಎರಡನೆಯದು ಇನ್ನೊಂದು ಎಂದು ಕಂಪ್ಯೂಟರ್ ತಿಳಿಯುತ್ತದೆ. ಇದು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನ ಸೂಕ್ಷ್ಮ: ವಿಳಾಸದ ಕೊನೆಯಲ್ಲಿ ಹಿಂಗೀಟು ಉಳಿಸಿ, ತಕ್ಷಣ ಚಿಹ್ನೆ ಮುಚ್ಚಿದರೆ, ಆ ಗೀಟು ಚಿಹ್ನೆಯನ್ನೇ ನುಂಗಿ ಎರಡೂ ವಿಳಾಸ ಬೆರೆತುಹೋಗುತ್ತವೆ. ಕೊನೆಯ ಹಿಂಗೀಟು ತೆಗೆದುಬಿಡುವುದೇ ಕ್ಷೇಮ. ವರ್ಡ್ ಅಥವಾ ವಾಟ್ಸ್ಆ್ಯಪ್‌ನಿಂದ ಕಾಪಿ ಮಾಡಿ ತಂದ ಸಾಲುಗಳಲ್ಲಿ ನೆಟ್ಟಗಿನ ಚಿಹ್ನೆಯ ಬದಲು ಬಾಗಿದ ಚಿಹ್ನೆ ಇದ್ದರಂತೂ ಕಮ್ಯಾಂಡ್ ಪ್ರಾಂಪ್ಟ್ ಅದನ್ನು ಚಿಹ್ನೆ ಎಂದೇ ಪರಿಗಣಿಸುವುದಿಲ್ಲ. ಪವರ್‌ಶೆಲ್ ಎರಡನ್ನೂ ಒಪ್ಪುವಷ್ಟು ಉದಾರಿ. ಆದರೆ ಅಲ್ಲಿ ಚಿಹ್ನೆಯೊಳಗಿನ ವಿಳಾಸವನ್ನು ಓಡಿಸಬೇಕಿದ್ದರೆ ಅದಕ್ಕೆ ಮೊದಲು ಒಂದು ‘&’ ಹಾಕಬೇಕು, ಇಲ್ಲವಾದರೆ ಆ ವಿಳಾಸವನ್ನೇ ಪರದೆಯ ಮೇಲೆ ಬರೆದು ಸುಮ್ಮನಾಗುತ್ತದೆ.

ಬ್ಯಾಚ್ ಫೈಲ್ ಕೈಯಲ್ಲಿ ಓಡಿಸಿದಾಗ ಚೆನ್ನಾಗಿ ನಡೆದು, ನಿಗದಿತ ಹೊತ್ತಿಗೆ ಓಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಒಪ್ಪಿಸಿದ ಮೇಲೆ ಕೆಡುವುದು ತೀರಾ ಸಾಮಾನ್ಯ. ಕಾರಣ ಹೆಚ್ಚಿನ ಸಲ ಒಂದೇ: ಸ್ಕ್ರಿಪ್ಟ್ ನಿಂತ ಜಾಗ ಬದಲಾಗಿರುತ್ತದೆ. ಶೆಡ್ಯೂಲರ್‌ನಲ್ಲಿ ‘ಸ್ಟಾರ್ಟ್ ಇನ್’ ಎಂಬ ಜಾಗ ಖಾಲಿ ಬಿಟ್ಟರೆ ಸ್ಕ್ರಿಪ್ಟ್ ವಿಂಡೋಸ್‌ನ ‘ಸಿಸ್ಟಮ್32’ ಫೋಲ್ಡರಿನಲ್ಲಿ ನಿಂತು ಶುರುವಾಗುತ್ತದೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ಓಡಿಸಿದಾಗಲೂ ಹಾಗೆಯೇ. ‘ಪಟ್ಟಿ.ಟಿಎಕ್ಸ್‌ಟಿ’ ಎಂದು ಬರೀ ಹೆಸರು ಬರೆದಿದ್ದರೆ ಅದನ್ನು ಅಲ್ಲಿ ಹುಡುಕಿ ಸೋಲುತ್ತದೆ. ಮದ್ದು ಒಂದು ಸಾಲಿನದು. ಬ್ಯಾಚ್ ಫೈಲಿನ ಆರಂಭದಲ್ಲಿ ‘ಸಿಡಿ /ಡಿ’ ಬರೆದು ಮುಂದೆ ಉದ್ಧರಣ ಚಿಹ್ನೆಯೊಳಗೆ ‘%~ಡಿಪಿ0’ ಎಂದು ಹಾಕಬೇಕು, ಕೊನೆಯದು ಸೊನ್ನೆ. ತಾನಿರುವ ಫೋಲ್ಡರಿಗೇ ಮೊದಲು ಹೋಗು ಎಂಬ ಆಜ್ಞೆ ಅದು. ಪವರ್‌ಶೆಲ್‌ನಲ್ಲಿ ಇದೇ ಕೆಲಸಕ್ಕೆ ‘$ಪಿಎಸ್‌ಸ್ಕ್ರಿಪ್ಟ್‌ರೂಟ್’ ಇದೆ. ನೆಟ್‌ವರ್ಕ್‌ನ ಫೋಲ್ಡರಿಗೆ ‘ಜೆಡ್:’ ಎಂದು ಅಕ್ಷರ ಕೊಟ್ಟುಕೊಂಡಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಸ್ಕ್ರಿಪ್ಟ್‌ಗೆ ಅದು ಕಾಣದಿರಬಹುದು. ಎರಡು ಹಿಂಗೀಟಿನಿಂದ ಶುರುವಾಗುವ ಪೂರ್ತಿ ವಿಳಾಸ ಬರೆಯುವುದೇ ಸರಿ.

ಶೆಡ್ಯೂಲರ್ ಬೆಳಿಗ್ಗೆ ‘0x1’, ಅಂದರೆ 1, ಎಂಬ ಫಲಿತಾಂಶ ತೋರಿಸಿದರೆ ಗಾಬರಿಯಾಗುವವರೇ ಹೆಚ್ಚು. ಪ್ರೋಗ್ರಾಮುಗಳ ವಾಡಿಕೆಯಲ್ಲಿ ಸೊನ್ನೆ ಎಂದರೆ ಸುಖಾಂತ್ಯ, ಬೇರೆ ಯಾವುದೇ ಅಂಕೆ ಎಡವಟ್ಟು. ರೋಬೋಕಾಪಿ ಮಾತ್ರ ಲೋಕಕ್ಕೊಂದು ದಾರಿಯಾದರೆ ತನಗೊಂದು ದಾರಿ ಎನ್ನುವ ಜಾತಿ. ಅದರ ಲೆಕ್ಕದಲ್ಲಿ 0 ಎಂದರೆ ನಕಲು ಮಾಡಲು ಹೊಸದೇನೂ ಇರಲಿಲ್ಲ, 1 ಎಂದರೆ ಫೈಲುಗಳು ಸರಿಯಾಗಿ ನಕಲಾದವು. 8 ಮತ್ತು ಅದಕ್ಕೂ ಮೇಲಾದರೆ ಮಾತ್ರ ತೊಂದರೆ. ಬ್ಯಾಚ್ ಫೈಲಿನಲ್ಲಿ ‘ಇಫ್ ಎರರ್‌ಲೆವೆಲ್ 8’ ಎಂದು ಪರೀಕ್ಷಿಸಬಹುದು. ಆ ಸಾಲಿನ ಅರ್ಥ ಸರಿಯಾಗಿ 8 ಎಂದಲ್ಲ, 8 ಅಥವಾ ಅದಕ್ಕಿಂತ ಹೆಚ್ಚು ಎಂದು.

ಒಂದು ಬ್ಯಾಚ್ ಫೈಲಿನಿಂದ ಇನ್ನೊಂದನ್ನು ಓಡಿಸುವಾಗ ಅದರ ಹೆಸರಿಗೆ ಮೊದಲು ‘ಕಾಲ್’ ಎಂದು ಬರೆಯದಿದ್ದರೆ ಓಟ ಎರಡನೆಯದಕ್ಕೆ ಹೋಗಿ ಅಲ್ಲೇ ಮುಗಿಯುತ್ತದೆ, ಮೊದಲನೆಯದಕ್ಕೆ ವಾಪಸು ಬರುವುದಿಲ್ಲ. ಹಾಗೆಯೇ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ‘ಫಾರ್’ ಕಮ್ಯಾಂಡಿನ ಚರದ ಹೆಸರಿಗೆ ಪ್ರಾಂಪ್ಟ್‌ನಲ್ಲಿ ಒಂದು ‘%’ ಸಾಕಾದರೆ ಫೈಲಿನೊಳಗೆ ಎರಡು ಬೇಕು. ಇವೆರಡಕ್ಕೂ ಡಾಸ್ ಕಾಲದ ಹೊರತು ಬೇರೆ ಸಮರ್ಥನೆ ಇಲ್ಲ, ನೆನಪಿಟ್ಟುಕೊಳ್ಳುವುದೊಂದೇ ದಾರಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರ ಪಾಡು ಬೇರೆ. ಹೆಸರಿಡಲು ವಿಂಡೋಸ್‌ನ ಅಡ್ಡಿಯೇನೂ ಇಲ್ಲ. ಆದರೆ ಇಂಗ್ಲಿಷಿಗೆ, ರಷ್ಯನ್‌ಗೆ ಇದ್ದಂತೆ ಕನ್ನಡಕ್ಕೆ ಸಿಸ್ಟಮ್ ಮಟ್ಟದ ಹಳೆಯ ಕೋಡ್ ಪೇಜ್ (ಅಕ್ಷರ-ಸಂಕೇತಗಳ ಪಟ್ಟಿ) ಎಂಬುದು ವಿಂಡೋಸ್‌ನಲ್ಲಿ ಎಂದೂ ಇರಲಿಲ್ಲ. ಯೂನಿಕೋಡ್ ಒಂದೇ ಆಸರೆ. ಅದನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಇದನ್ನು ಅರಿಯದ ಪ್ರೋಗ್ರಾಂ ಆ ಮೂರನ್ನೂ ಮೂರು ಬಿಡಿ ಅಕ್ಷರಗಳೆಂದು ಓದಿದಾಗ, ತಲೆಯ ಮೇಲೆ ಗೀಟು ಹೊತ್ತ ಎ, ಅದರ ಪಕ್ಕ ಪುಟ್ಟ ಎರಡು, ಮತ್ತೊಂದು ಚಿಹ್ನೆ ಸಾಲಾಗಿ ಬರುತ್ತವೆ. ಕೆಟ್ಟ ಕನ್ನಡ ಪಠ್ಯ ನೋಡಿದವರಿಗೆಲ್ಲ ಪರಿಚಯದ ಚಿತ್ರ.

ಪವರ್‌ಶೆಲ್ 5.1 ಮಾಡುವ ತಪ್ಪು ಇದೇ. ಈಗಿನ ನೋಟ್‌ಪ್ಯಾಡ್ ‘ಬಾಮ್’ ಎಂಬ ಗುರುತಿಲ್ಲದೆ ಯುಟಿಎಫ್-8ರಲ್ಲಿ ಉಳಿಸುತ್ತದೆ. ಗುರುತಿಲ್ಲದ ಫೈಲನ್ನು 5.1 ಹಳೆಯ ಕೋಡ್ ಪೇಜ್ ಎಂದೇ ಓದುತ್ತದೆ. ಸ್ಕ್ರಿಪ್ಟ್‌ನೊಳಗೆ ‘ಕೆಲಸ’ ಎಂದು ಬರೆದ ಫೋಲ್ಡರ್ ಹಾಗಾಗಿ ಅದಕ್ಕೆ ಸಿಗುವುದಿಲ್ಲ. ಉಳಿಸುವಾಗ ಎನ್‌ಕೋಡಿಂಗ್ ಪಟ್ಟಿಯಲ್ಲಿ ‘ಯುಟಿಎಫ್-8 ವಿತ್ ಬಾಮ್’ ಆರಿಸಿದರೆ ಸರಿಹೋಗುತ್ತದೆ. ಪವರ್‌ಶೆಲ್ 7ಕ್ಕೆ ಈ ಉಪಚಾರ ಬೇಕಿಲ್ಲ. ಬ್ಯಾಚ್ ಫೈಲಿಗೆ ನಿಯಮ ತಿರುಗುಮುರುಗು: ಬಾಮ್ ಇದ್ದರೆ ಮೊದಲ ಸಾಲೇ ಗುರುತು ಸಿಗದೆ ಕೆಡುತ್ತದೆ. ಅಲ್ಲಿ ಬಾಮ್ ಇಲ್ಲದೆ ಉಳಿಸಿ, ಆರಂಭದಲ್ಲೇ ‘ಸಿಎಚ್‌ಸಿಪಿ 65001’ ಎಂದು ಬರೆದು ಯುಟಿಎಫ್-8ಕ್ಕೆ ಬದಲಿಸಬೇಕು. ರೋಬೋಕಾಪಿಯ ವರದಿಯಲ್ಲಿ ಕನ್ನಡ ಹೆಸರುಗಳು ಸರಿಯಾಗಿ ಉಳಿಯಬೇಕಿದ್ದರೆ ‘/ಲಾಗ್’ ಬದಲು ‘/ಯುನಿಲಾಗ್’ ಬಳಸಬೇಕು. ಹಳೆಯ ಕಪ್ಪು ಕಿಟಕಿಯಲ್ಲಿ ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಂಡರೆ ಫೈಲ್ ಕೆಟ್ಟಿದೆ ಎಂದು ತಿಳಿಯಬೇಕಿಲ್ಲ, ಎಷ್ಟೋ ಸಲ ಕೆಟ್ಟಿರುವುದು ತೋರಿಸುವ ಫಾಂಟ್ ಅಷ್ಟೇ. ವಿಂಡೋಸ್ ಟರ್ಮಿನಲ್‌ನಲ್ಲಿ ಅಕ್ಷರಗಳು ಮೂಡುತ್ತವೆ, ಒತ್ತಕ್ಷರಗಳು ಮಾತ್ರ ಕೆಲವೊಮ್ಮೆ ಅದರ ಮನೆಗಳಲ್ಲಿ ನೆಟ್ಟಗೆ ಕೂರುವುದಿಲ್ಲ.

ಪೈಥಾನ್ ಕಲಿಯುವ ವಿದ್ಯಾರ್ಥಿಗಳಿಗೆ ಬೇರೊಂದು ಅಚ್ಚರಿ ಎದುರಾಗುತ್ತದೆ. ‘ಪೈಥಾನ್’ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. 2019ರಿಂದ ವಿಂಡೋಸ್ ಆ ಹೆಸರಿನಲ್ಲಿ ಒಂದು ದಾರಿತೋರುಗವನ್ನು ಇಟ್ಟುಕೊಂಡಿದೆ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಅಲಿಯಾಸಸ್’ ಹುಡುಕಿ ಅದನ್ನು ಆಫ್ ಮಾಡಬಹುದು, ಅಥವಾ ಪೈಥಾನ್‌ನ ಅಧಿಕೃತ ತಾಣದಿಂದ ಹಾಕಿಕೊಂಡಿದ್ದರೆ ‘ಪಿವೈ’ ಎಂಬ ಎರಡಕ್ಷರದ ಕಮ್ಯಾಂಡಿನ ಮುಂದೆ ಸ್ಕ್ರಿಪ್ಟ್‌ನ ಹೆಸರು ಕೊಟ್ಟು ಓಡಿಸಬಹುದು.

ಹಳೆಯ ಕಚೇರಿಗಳಲ್ಲಿ ಒಂದು ಕೆಲಸ ತುರ್ತಾಗಿ ಆಗಬೇಕಿದೆ. ವಿಬಿಸ್ಕ್ರಿಪ್ಟ್‌ಗೆ ವಿದಾಯ ಹೇಳುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಅದು ಬೇಕಾದರೆ ಇಟ್ಟುಕೊಳ್ಳುವ ಅಂಗವಾಗಿದೆ. 2027ರ ಹೊತ್ತಿಗೆ ತಾನಾಗಿ ಚಾಲೂ ಇರದಂತೆ ಮಾಡಿ, ಆಮೇಲೆ ಪೂರ್ತಿ ತೆಗೆಯುವ ಯೋಜನೆ ಇದೆ. ವರ್ಷಗಳ ಹಿಂದೆ ಯಾರೋ ಬರೆದಿಟ್ಟು ಹೋದ ವಿಬಿಎಸ್ ಫೈಲುಗಳು ಲೆಕ್ಕಪತ್ರದ, ಪ್ರಿಂಟರಿನ ಕೆಲಸಗಳನ್ನು ಸದ್ದಿಲ್ಲದೆ ಮಾಡುತ್ತಿರಬಹುದು. ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ‘ಸಿಡಿ /ಡಿ ಡಿ:\’ ಎಂದು ಡ್ರೈವ್‌ನ ಬುಡಕ್ಕೆ ಹೋಗಿ ‘ಡಿಐಆರ್ /ಎಸ್ /ಬಿ *.ವಿಬಿಎಸ್’ ಕೊಟ್ಟರೆ ಅಂಥವೆಲ್ಲ ವಿಳಾಸಸಮೇತ ಪರದೆಗೆ ಬರುತ್ತವೆ. ಸಾಲಿನ ಕೊನೆಗೆ ‘> ಪಟ್ಟಿ.ಟಿಎಕ್ಸ್‌ಟಿ’ ಸೇರಿಸಿದರೆ ಆ ಪಟ್ಟಿ ಫೈಲಾಗಿ ಉಳಿಯುತ್ತದೆ. ಮುಂದಿನ ಡ್ರೈವ್‌ನದನ್ನೂ ಅದೇ ಫೈಲಿಗೆ ಸೇರಿಸುವಾಗ ಆ ಫೈಲಿನ ಪೂರ್ತಿ ವಿಳಾಸ ಬರೆದು ‘>>’ ಎಂದು ಎರಡು ಬಾಣ ಹಾಕಬೇಕು. ಒಂದೇ ಹಾಕಿದರೆ ಮೊದಲಿನ ಪಟ್ಟಿ ಅಳಿಸಿಹೋಗುತ್ತದೆ.